ಕಸ ಕಾದ ಮೇಷ್ಟ್ರು

ಡ್ರಾಯಿಂಗ್ ಮೇಷ್ಟ್ರ ಸಂಸಾರಕ್ಕೆ ಸಂಚಕಾರ ತಂದಿದ್ದು ಪಾರ್ಕಿನ ಮೂಲೆಯ ಒಂದು ಕಸದ ಗುಡ್ಡೆ. ಅದೇನೂ ಘನಂದಾರಿ ಗುಡ್ಡೆಯಲ್ಲ. ಮುರಿದ ಕಲ್ಲುಬೆಂಚಿನ ಪಕ್ಕ ಯಾರೋ ಒಂದಷ್ಟು ತಿಂಡಿ ಪೊಟ್ಟಣ ಎಸೆದರು, ಅದಕ್ಕೆ ಜೊತೆಯಾಗಲೆಂದು ಇನ್ಯಾರೋ ಕೊಳೆತ ತರಕಾರಿ ಸುರಿದರು. ಆದರೆ ಬೆಂಚಿಗೂ ಮೇಷ್ಟ್ರ ಮಲಗುವ ಕೋಣೆಯ ಕಿಟಕಿಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ ಮಾತ್ರ. ಹೆಂಡತಿ ಮೊದಲು ಕಿಟಕಿ ಮುಚ್ಚಿದಳು, ಆಮೇಲೆ ಮೂಗು ಮುಚ್ಚಿದಳು, ಕೊನೆಗೆ ಬ್ಯಾಗು ತುಂಬಿಕೊಂಡು ಹೊಸ ಬಡಾವಣೆಯಲ್ಲಿದ್ದ ಅಕ್ಕನ ಮನೆಗೆ ಹೊರಟೇಬಿಟ್ಟಳು. "ಆ ಕಸ ಹೋದ ದಿನ ಫೋನ್ ಮಾಡಿ, ಬರ್ತೀನಿ" ಎಂದು ಹೋಗುವಾಗ ಹೇಳಿದ್ದಳು.

ಹೆಂಡತಿಯಿಲ್ಲದ ಮನೆ ಭಣಗುಡುತ್ತಿತ್ತು. ಮೇಷ್ಟ್ರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಇವತ್ತು ಇದಕ್ಕೊಂದು ಗತಿ ಕಾಣಿಸಿಯೇ ಸಿದ್ಧ ಎಂದು ಹೊಟ್ಟೆನೋವಿನ ನೆಪದಲ್ಲಿ ಶಾಲೆಗೆ ರಜೆ ಹಾಕಿ, ಬೆಳಗ್ಗೆಯೇ ನಗರಸಭೆಯ ದೂರು ವಿಭಾಗಕ್ಕೆ ಫೋನ್ ಮಾಡಿದರು.

"ಇನ್ಸ್‌ಪೆಕ್ಟರ್ ಇವತ್ತೇ ಬರ್ತಾರೆ ಸಾರ್" ಎಂದಳು ಆಚೆಕಡೆಯ ಹುಡುಗಿ. "ಅವರು ಬಂದು ಫೋಟೋ ತೆಗೆಯೋವರೆಗೂ ಕಸ ಇದ್ದಲ್ಲೇ ಇರ್ಬೇಕು, ಫೋಟೋ ಆದ್ಮೇಲೇ ಲಾರಿ ಬರೋದು. ಬಂದಾಗ ಕಸ ಕಾಣದಿದ್ರೆ ಸುಳ್ಳು ದೂರು ಅಂತ ಆಗುತ್ತೆ. ಆಮೇಲೆ ನಿಮ್ಮ ದೂರು ನಾವು ತಗೊಳ್ಳೋ ಹಾಗಿಲ್ಲ."

"ಎಷ್ಟೊತ್ತಿಗೆ ಬರ್ತಾರಮ್ಮ?"

"ಬಂದಾಗ ಬರ್ತಾರೆ ಸಾರ್."

ಮೇಷ್ಟ್ರು ಎದ್ದುಬಿದ್ದು ಪಾರ್ಕಿಗೆ ಓಡಿದರು. ಮುರಿದ ಬೆಂಚಿನ ಉಳಿದರ್ಧದ ಮೇಲೆ ಕುಳಿತು, ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಕಸ ಕಾಯತೊಡಗಿದರು. ಸ್ವಲ್ಪ ಹೊತ್ತಿಗೆ ಪಾರ್ಕು ಗುಡಿಸುವ ಹೆಂಗಸು ತಳ್ಳುಗಾಡಿ ಉರುಳಿಸಿಕೊಂಡು ಬಂದಳು. ಎಷ್ಟೋ ದಿನದಿಂದ ಆ ಮೂಲೆಗೆ ತಲೆ ಹಾಕದಿದ್ದವಳು ಅವತ್ತೇ ಪೊರಕೆ ಎತ್ತಿದಳು.

"ಮುಟ್ಟಬೇಡಮ್ಮ" ಎಂದು ಮೇಷ್ಟ್ರು ಅಡ್ಡ ನಿಂತರು.

"ಯಾಕೆ ಸ್ವಾಮಿ, ಕಸ ಅಲ್ವಾ ಇದು?"

"ಕಸಾನೇ. ಆದ್ರೆ ದೂರು ಕೊಟ್ಟಿದ್ದೀನಿ. ಫೋಟೋ ಆಗೋವರೆಗೂ ತೆಗೆಯೋ ಹಾಗಿಲ್ಲ."

ಗುಡಿಸುವವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವೇ ಬೇಡ ಅಂದ್ರಿ ಅಂತ ಮೇಲಿನವರಿಗೆ ಹೇಳ್ತೀನಿ. ಆಮೇಲೆ ನನ್ನ ಮೇಲೆ ಹಾಕಬೇಡಿ" ಎಂದು ಗಾಡಿ ತಿರುಗಿಸಿಕೊಂಡು ಹೋದಳು. ಅವಳ ನಡಿಗೆಯಲ್ಲಿ ರಜೆ ಸಿಕ್ಕವರ ಹುರುಪು ಇತ್ತು.

ಆಮೇಲೆ ಗಾಳಿ ಬಂತು. ಪೊಟ್ಟಣಗಳು ಒಂದೊಂದಾಗಿ ಎದ್ದು ಹುಲ್ಲಿನ ಮೇಲೆ ಓಡಿದವು. ಸಾಕ್ಷಿ ಕೈಬಿಟ್ಟು ಹೋಗುವುದನ್ನು ಮೇಷ್ಟ್ರು ಹೇಗೆ ನೋಡಿಯಾರು? ಬೆನ್ನಟ್ಟಿ ಹಿಡಿದು, ತಂದು, ಗುಡ್ಡೆಯ ಮೇಲಿಟ್ಟು, ಹಾರದಂತೆ ಕಲ್ಲು ಹೇರಿದರು. ಹಾಗೆ ಇಡುತ್ತಿದ್ದಾಗಲೇ ವಾಕಿಂಗ್ ಬಂದ ರಿಟೈರ್ಡ್ ಪೋಸ್ಟ್ ಮಾಸ್ಟರರ ಕಣ್ಣಿಗೆ ಬಿದ್ದರು. ಬೀದಿಯಲ್ಲಿ ಯಾವ ಸುದ್ದಿ ಎಲ್ಲಿಗೆ ತಲುಪಬೇಕೆಂಬ ಜವಾಬ್ದಾರಿಯನ್ನು ಪೋಸ್ಟ್ ಮಾಸ್ಟರ್ ರಿಟೈರಾದ ಮೇಲೂ ಬಿಟ್ಟುಕೊಟ್ಟಿರಲಿಲ್ಲ.

"ಏನ್ ಮೇಷ್ಟ್ರೇ, ಓದಿದವರು ನೀವೇ ಹೀಗೆ ಕಸ ತಂದು ಹಾಕೋದಾ?"

ಮೇಷ್ಟ್ರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇನ್ಸ್‌ಪೆಕ್ಟರ್, ಫೋಟೋ, ಆಮೇಲೆ ಬರುವ ಲಾರಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿವರಿಸಿದರು. ಪೋಸ್ಟ್ ಮಾಸ್ಟರಿಗೆ ಕೇಳಿಸಿದ್ದು ಲಾರಿ ಒಂದೇ.

"ಲಾರಿ ಬರುತ್ತಾ? ನಮ್ಮ ಅಟ್ಟದ ಮೇಲೆ ಒಂದು ಹಳೇ ಹಾಸಿಗೆ ಇದೆ. ಹೇಗೂ ಬರುತ್ತಲ್ಲ."

"ಸಾರ್, ದಯವಿಟ್ಟು ಬೇಡ. ನಾನು ದೂರು ಕೊಟ್ಟಿರೋದು ಈ ಗುಡ್ಡೆಗೆ ಮಾತ್ರ."

"ಅಷ್ಟು ದೊಡ್ಡ ಲಾರೀಲಿ ಒಂದು ಹಾಸಿಗೆ ಭಾರವೇ? ಒಳ್ಳೆ ಕೆಲಸ ಮಾಡಿದ್ರಿ ಬಿಡಿ."

ಹಾಸಿಗೆ ಬಂತು. ಅದರ ಹಿಂದೆಯೇ ಎದುರು ಮನೆಯ ಆಂಟಿ ಮೂರು ಕಾಲಿನ ಕುರ್ಚಿಯೊಂದಿಗೆ ಬಂದರು. ಆಮೇಲೆ ತುಕ್ಕು ಹಿಡಿದ ಸೈಕಲ್, ಒಡೆದ ಕಮೋಡು, ಬಾಯಿ ಮುಚ್ಚದ ಫ್ರಿಜ್ಜು. ತಂದವರೆಲ್ಲ ಒಂದೊಂದು ಒಳ್ಳೆಯ ಮಾತನ್ನೂ ಜೊತೆಗೆ ತಂದಿದ್ದರಿಂದ ಮೇಷ್ಟ್ರಿಗೆ ಗದರಲು ಬಾಯಿ ಬರಲಿಲ್ಲ. "ನಿಮ್ಮಂಥೋರು ಬೀದಿಗೊಬ್ಬರು ಇರ್ಬೇಕು" ಎಂದು ಆಂಟಿ ಎರಡನೇ ಸುತ್ತಿಗೆ ಮನೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಗುಡ್ಡೆ ಮೋಟುಗೋಡೆಯನ್ನು ದಾಟಿ ಮೇಷ್ಟ್ರ ಕಿಟಕಿಯೊಳಗೆ ಇಣುಕುತ್ತಿತ್ತು.

ತಡೆಯಲಾರದೆ ಮೇಷ್ಟ್ರು ಹೆಂಡತಿಗೆ ಫೋನ್ ಮಾಡಿದರು.

"ಕಸ ಹೋಯ್ತಾ?" ಎಂದಳು ಅವಳು.

"ಹೋದ ಹಾಗೇ ಲೆಕ್ಕ. ಲಾರಿ ಬರ್ತಾ ಇದೆ. ಬೀದಿಯವರ ಹಳೇ ಸಾಮಾನೆಲ್ಲ ಒಟ್ಟಿಗೆ ಹೋಗುತ್ತೆ. ಎಲ್ಲಾ ನಾನೇ ಮಾಡಿಸ್ತಿರೋದು."

"ಹೌದಾ? ಹಾಗಾದ್ರೆ ಸಂಜೆಯೊಳಗೆ ಬರ್ತೀನಿ" ಎಂದಳು. ದನಿಯಲ್ಲಿ ಅಷ್ಟು ಉತ್ಸಾಹ ಕೇಳಿ ಮೇಷ್ಟ್ರಿಗೆ ಬೆಳಗಿನಿಂದ ತಿಂದಿಲ್ಲವೆಂಬುದೇ ಮರೆತುಹೋಯಿತು.

ಇನ್ಸ್‌ಪೆಕ್ಟರ್ ಬಂದಾಗ ಬಿಸಿಲು ಇಳಿದಿತ್ತು. ಅವರು ಮೊಬೈಲ್ ನೋಡಿದರು, ಗುಡ್ಡೆ ನೋಡಿದರು, ಮತ್ತೆ ಮೊಬೈಲ್ ನೋಡಿದರು.

"ದೂರಿನಲ್ಲಿ ತಿಂಡಿ ಪೊಟ್ಟಣ, ಕೊಳೆತ ತರಕಾರಿ ಅಂತಿದೆ. ಆ ಕಸ ಎಲ್ಲಿ?"

"ಇದರ ಕೆಳಗಿದೆ ಸಾರ್."

"ಕೆಳಗಿರೋದನ್ನ ಹೇಗೆ ಫೋಟೋ ತೆಗೀಲಿ? ಕಾಣ್ಬೇಕಲ್ಲ."

ಮೇಷ್ಟ್ರು ಅಂಗಿಯ ತೋಳು ಮಡಚಿ ಗುಡ್ಡೆಗೆ ಕೈ ಹಾಕಿದರು. ಫ್ರಿಜ್ಜನ್ನು ಸರಿಸಿ, ಹಾಸಿಗೆಯ ಕೆಳಗೆ ತಲೆ ತೂರಿಸಿ, ಕೊನೆಗೊಂದು ಕೊಳೆತ ಬದನೆಕಾಯಿಯನ್ನು ಕಳೆದುಹೋದ ಉಂಗುರ ಸಿಕ್ಕವರಂತೆ ಎತ್ತಿ ತೋರಿಸಿದರು. "ಹಾಗೇ ಹಿಡ್ಕೊಂಡಿರಿ" ಎಂದು ಇನ್ಸ್‌ಪೆಕ್ಟರ್ ಫೋಟೋ ತೆಗೆದುಕೊಂಡರು. ಲಾರಿಯೂ ಬಂತು. ಆಳುಗಳು ಎಲ್ಲವನ್ನೂ ತುಂಬಿ, ನೆಲ ಗುಡಿಸಿ, ಬಿಳಿ ಪುಡಿ ಚೆಲ್ಲಿದರು. ಖಾಲಿ ಮೂಲೆಯನ್ನು ನೋಡಿ ಮೇಷ್ಟ್ರ ಕಣ್ಣಲ್ಲಿ ನಿಜಕ್ಕೂ ನೀರಾಡಿತು.

ಇನ್ಸ್‌ಪೆಕ್ಟರ್ ಮಾತ್ರ ಹೊರಡಲಿಲ್ಲ. ಇನ್ನೂ ಸಾಮಾನು ಹಿಡಿದು ಸಾಲಾಗಿ ನಿಂತಿದ್ದ ಜನರನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು.

"ಬೇರೆ ಕಡೆ ಜನ ಕಂಡಕಂಡಲ್ಲಿ ಬಿಸಾಡ್ತಾರೆ. ಇಲ್ಲಿ ಎಲ್ಲರೂ ಒಂದೇ ಜಾಗಕ್ಕೆ ತಂದು ಹಾಕ್ತಾರೆ. ಇಂಥ ಜಾಗಾನೇ ಹುಡುಕ್ತಾ ಇದ್ವಿ" ಎಂದು ಮೇಲಿನವರಿಗೆ ಫೋನ್ ಮಾಡಿದರು. ಮೇಷ್ಟ್ರು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಎರಡನೇ ಲಾರಿ ಬಂದು, ಒಂದು ಕೋಣೆಯಷ್ಟು ದೊಡ್ಡ ಹಸಿರು ಕಬ್ಬಿಣದ ತೊಟ್ಟಿಯನ್ನು ಕಿಟಕಿಯ ಎದುರಿಗೇ ಇಳಿಸಿತು. ಪೋಸ್ಟ್ ಮಾಸ್ಟರ್ ಚಪ್ಪಾಳೆ ತಟ್ಟಿದರು. "ಇನ್ಮೇಲೆ ನಮಗೆ ಚಿಂತೆ ಇಲ್ಲ" ಎಂದರು ಆಂಟಿ.

"ಸಾರ್, ಇದು ಇಲ್ಲಿ ಎಷ್ಟು ದಿನ ಇರುತ್ತೆ?" ಎಂದು ಕೇಳಿದರು ಮೇಷ್ಟ್ರು.

"ದಿನ ಏನು ಬಂತು, ಇನ್ನು ಇಲ್ಲೇ" ಎಂದು ಇನ್ಸ್‌ಪೆಕ್ಟರ್ ಅವರ ಬೆನ್ನು ತಟ್ಟಿ ಹೊರಟರು.

ಅಷ್ಟರಲ್ಲಿ ಪಾರ್ಕಿನ ಗೇಟಿನ ಬಳಿ ಬಾಡಿಗೆ ಗಾಡಿಯೊಂದು ಬಂದು ನಿಂತಿತು. ಡ್ರೈವರ್ ಪಕ್ಕದಲ್ಲಿ ಹೆಂಡತಿ. ಹಿಂದೆ ಆಳೆತ್ತರಕ್ಕೆ ಪೇರಿಸಿದ ಗಂಟುಮೂಟೆ. ಒಂದು ಬ್ಯಾಗಿನಲ್ಲಿ ಹೋದವಳು ಒಂದು ಗಾಡಿ ಸಾಮಾನಿನೊಂದಿಗೆ ಬಂದಿದ್ದಾಳೆಂದರೆ ಇನ್ನು ಕದಲುವವಳಲ್ಲ. ಮೇಷ್ಟ್ರು ತೊಟ್ಟಿಯನ್ನೂ ಮರೆತು ಓಡಿಹೋಗಿ ಒಂದು ಮೂಟೆಗೆ ಹೆಗಲು ಕೊಟ್ಟರು.

"ಮನೆ ಕಡೆ ಎಲ್ಲಿ ಹೊರಟ್ರಿ? ಅದನ್ನ ಆ ತೊಟ್ಟಿಗೆ ಹಾಕಿ" ಎಂದಳು ಹೆಂಡತಿ. "ಅಕ್ಕನ ಮನೆ ಹಳೇ ಸಾಮಾನು ಇದು. ಲಾರಿ ಬರುತ್ತೆ ಅಂದ್ರಲ್ಲ, ಎಲ್ಲಾ ತುಂಬ್ಕೊಂಡು ಬಂದೆ."

ಮೂಟೆಗಳು ಒಂದೊಂದಾಗಿ ತೊಟ್ಟಿಯೊಳಗೆ ಬಿದ್ದವು. ಹೊರಲು ಮೇಷ್ಟ್ರೇ ಬೇಕಾಯಿತು. ಕೆಲಸ ಮುಗಿದ ಮೇಲೆ ಹೆಂಡತಿ ತೊಟ್ಟಿಯನ್ನು ನೋಡಿದಳು, ಅದರ ಹಿಂದಿನ ಕಿಟಕಿಯನ್ನು ನೋಡಿದಳು, ಸೆರಗಿನಿಂದ ಮೂಗು ಮುಚ್ಚಿಕೊಂಡು ಮತ್ತೆ ಗಾಡಿ ಹತ್ತಿದಳು.

"ನೀನು ಮನೆಗೆ ಬರಲ್ವಾ?" ಎಂದರು ಮೇಷ್ಟ್ರು.

"ಇಲ್ಲಿಗಾ? ಇಷ್ಟು ದಿನ ಅಲ್ಲಿ ಹಾಲ್‌ನಲ್ಲಿ ಮಲಗಿ ಬೆನ್ನು ನೋವು ಬಂದಿತ್ತು, ನಾಳೆ ನಾಳಿದ್ದರಲ್ಲಿ ವಾಪಸ್ ಬಂದುಬಿಡೋಣ ಅಂತಿದ್ದೆ. ನಿಮ್ಮ ಪುಣ್ಯದಿಂದ ಅಕ್ಕನ ಸಾಮಾನಿನ ರೂಮು ಖಾಲಿಯಾಯ್ತು. ಇನ್ನು ಅದು ನನಗೇ ಅಂದಿದ್ದಾಳೆ."