ಗುಂಡಿ ಒಂದು ಬಾಕಿ

ಡಾಕ್ಟರ ಮನೆಯ ಪರದೆಗೆ ಅಂಚು ಹೊಲಿಯುತ್ತಿದ್ದ ಟೈಲರಕ್ಕನ ಕಾಲು ಮಷೀನಿನ ಮೇಲೆ ಹಾಗೇ ನಿಂತುಬಿಟ್ಟಿತು. ಬಾಗಿಲಲ್ಲಿ ಅವಳಿಗಳ ಅಮ್ಮ.

"ಅಕ್ಕಾ, ಸೋಮವಾರವೇ ಸ್ಕೂಲು ಶುರು ಮಾಡ್ಬೇಕು ಅಂತ ಇವತ್ತಿನ ಮೀಟಿಂಗಲ್ಲಿ ಹಟ ಹಿಡೀತೀನಿ. ಆ ಎರಡೂ ನನ್ನ ತಲೆ ತಿಂದು ಮುಗಿಸಿ ಈಗ ಗೋಡೆ ತಿಂತಿವೆ. ಯೂನಿಫಾರಂ ರೆಡಿ ತಾನೆ?"

"ಗುಂಡಿ ಒಂದು ಬಾಕಿ," ಎಂದಳು ಟೈಲರಕ್ಕ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಯ ಪಕ್ಕದಿಂದ.

ಬಾಕಿಯಿದ್ದದ್ದು ಗುಂಡಿಯಲ್ಲ, ಎಲ್ಲವೂ. ಇಡೀ ಶಾಲೆಯ ಬಟ್ಟೆ ಮಂಚದ ಕೆಳಗೆ, ಗಂಟು ಕೂಡ ಬಿಚ್ಚದೆ, ಬಸುರಿ ಎಮ್ಮೆಯಂತೆ ಮಲಗಿತ್ತು. ಪರದೆ ಕೇಳಿದವರಿಗಾಗಲಿ, ದಿಂಬಿನ ಕವರು ಕೇಳಿದವರಿಗಾಗಲಿ, ಆಗುವುದಿಲ್ಲ ಎನ್ನಲು ಅವಳಿಗೆ ನಾಲಿಗೆಯೇ ಏಳುತ್ತಿರಲಿಲ್ಲ. ರಜೆಯೆಲ್ಲ ಹಾಗೇ ಕರಗಿತ್ತು. ಸುಳ್ಳು ಹೊರಬಿದ್ದರೆ ಈ ಬೀದಿಯಲ್ಲಿ ಇನ್ನು ಯಾರೂ ಬಟ್ಟೆ ಕೊಡಲಾರರು.

ಮೀಟಿಂಗಿನಲ್ಲಿ ಅರ್ಧ ಜನ ಸೋಮವಾರವೇ ಅಂದರು. ಉಳಿದರ್ಧ ಬಿಸಿಲು ಇಳಿಯಲಿ, ಮುಂದಿನ ತಿಂಗಳು ಅಂದರು. ಹೆಡ್‌ಮಿಸ್ಸಿನ ಕನ್ನಡಕ ಸೋಮವಾರದ ಕಡೆಗೆ ವಾಲುತ್ತಿತ್ತು. ಯಾವ ಸಭೆಯಲ್ಲೂ ಬಾಯಿಬಿಡದ ಟೈಲರಕ್ಕ ಎದ್ದು ನಿಂತಳು.

"ಮಿಸ್, ಈ ಸಲದ ಬಟ್ಟೆ ತುಂಬಾ ದಪ್ಪ. ಈ ಬಿಸಿಲಿಗೆ ಹಾಕಿದ್ರೆ ಮಕ್ಕಳು ಬೆಂದುಹೋಗ್ತವೆ. ಹೊಲಿದೋಳು ನಾನು, ನನಗೆ ಗೊತ್ತು."

ಹೆಡ್‌ಮಿಸ್ಸಿನ ಕನ್ನಡಕ ಅವಳ ಕಡೆಗೆ ತಿರುಗಿತು.

"ನಮಗ್ಯಾರಿಗೂ ಇದು ಹೊಳೀಲೇ ಇಲ್ಲ ನೋಡಿ," ಅಂದರು ಹೆಡ್‌ಮಿಸ್. "ಆಯ್ತು, ಸ್ಕೂಲು ಮುಂದಿನ ತಿಂಗಳೇ."

ಟೈಲರಕ್ಕನಿಗೆ ಹೋದ ಜೀವ ಬಂದಂತಾಯಿತು. ಅವಳು ಕೂರಲು ಕುರ್ಚಿ ತಡವುತ್ತಿದ್ದಾಗಲೇ ಹೆಡ್‌ಮಿಸ್ ಮುಂದುವರಿಸಿದರು.

"ದಪ್ಪ ಬಟ್ಟೆ ನಾಲ್ಕಾರು ಸಲ ಒಗೆದ್ರೆ ಮೆತ್ತಗಾಗತ್ತೆ. ಹೇಗೂ ಈಗ ಟೈಮ್ ಇದೆ. ನಾಳೆ ಬೆಳಿಗ್ಗೆನೇ ಎಲ್ಲರೂ ಅಕ್ಕನ ಮನೆಯಿಂದ ಯೂನಿಫಾರಂ ತಗೊಂಡು ಹೋಗಿ, ಒಗೆಯೋಕೆ ಶುರು ಮಾಡಿ."

"ನಾನೇ ಮೊದಲು ಬರ್ತೀನಿ," ಅಂದಳು ಅವಳಿಗಳ ಅಮ್ಮ, ಸೋತ ಮುಖ ಹೊತ್ತು. "ಬಟ್ಟೆ ಜೊತೆ ಆ ಎರಡನ್ನೂ ಒಗೆದುಬಿಡ್ತೀನಿ."

ಮನೆಗೆ ಬಂದಾಗ ಗಂಡ ಪೇಪರಿನಿಂದ ತಲೆ ಎತ್ತಿದ. "ಬೀದಿ ತುಂಬಾ ನಿನ್ನದೇ ಮಾತು. ಎಲ್ಲ ಮುಗಿಸಿದೀಯ ತಾನೆ?" ಎಂದವನು ಉತ್ತರಕ್ಕೆ ಕಾಯದೆ ಮತ್ತೆ ಪೇಪರಿನ ಹಿಂದೆ ಹೋದ.

ಅವಳು ಬಗ್ಗಿ, ಮಂಚದ ಕೆಳಗಿನ ಗಂಟನ್ನು ಎಳೆದು ತಂದು ಹೊಸ್ತಿಲ ಪಕ್ಕದಲ್ಲಿಟ್ಟಳು. ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗ. ಬೆಳಿಗ್ಗೆ ಅವಳಿಗಳ ಅಮ್ಮ ಬಂದ ಕೂಡಲೇ, ತನ್ನ ಬಾಯಿ ಮತ್ತೊಂದು ಸುಳ್ಳು ಹೇಳುವ ಮೊದಲೇ, ಅವಳೆದುರಿಗೆ ಇದನ್ನು ಬಿಚ್ಚಿಬಿಡುವುದು.

"ಗುಂಡಿ ಒಂದು ಬಾಕಿ," ಅಂದಳು ಗಂಡನಿಗೆ.