ಸ್ವರ ಕಡಿಮೆ ಇರುವ ಹಾಡು

ಸಮಾರಂಭದ ದಿನ ಬೆಳಗ್ಗೆ ಮುಖ್ಯೋಪಾಧ್ಯಾಯಿನಿ ಕಸ್ತೂರಮ್ಮ ಬ್ಯಾಂಡ್ ಕೋಣೆಗೆ ಬಂದು, ಮಕ್ಕಳು ತಿಂಗಳುಗಟ್ಟಲೆ ಕಲಿತಿದ್ದ ಮಾರ್ಚನ್ನು ಪೂರ್ತಿ ಕೇಳಿದರು.

"ಬಕ್ಕೇಶ್ ಸರ್, ಇವತ್ತು ಅಧ್ಯಕ್ಷರ ತಂದೆಯವರ ಸ್ಮರಣೆ. ಇದನ್ನ ಕೇಳಿದ್ರೆ ತೀರಿಕೊಂಡವರೂ ಎದ್ದು ಪರೇಡ್ ಮಾಡ್ತಾರೆ. ಬ್ಯಾಡ್ರಿ. ಗಂಭೀರವಾದ್ದು ಏನಾದ್ರೂ ನೋಡ್ರಿ."

ವಿನೋಬನಗರದ ಆ ಶಾಲೆಯಲ್ಲಿ ಬಕ್ಕೇಶ್ ತಾತ್ಕಾಲಿಕ ಸಂಗೀತ ಶಿಕ್ಷಕ. ಸಂಜೆ ಮಕ್ಕಳ ಬ್ಯಾಂಡ್ ಕೇಳಿದ ಮೇಲೆ ಅವನನ್ನು ಕಾಯಂ ಮಾಡುವ ಮಾತು ಹೇಳುವುದಾಗಿ ಶಾಲಾ ಮಂಡಳಿಯ ಅಧ್ಯಕ್ಷ ವಾಮದೇವಪ್ಪ ತಿಳಿಸಿದ್ದರು. ಅವನು ಬೀರು ತೆರೆದು, ಬ್ಯಾಂಡಿಗೆ ಅಳವಡಿಸಿದ ಹಾಡುಗಳ ಸ್ವರಲಿಪಿಯ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತ. ಬಹಳಷ್ಟರಲ್ಲಿ ಸ್ವರಗಳು ಬೆಲ್ಲಕ್ಕೆ ಮುತ್ತಿದ ಇರುವೆಯಂತಿದ್ದವು. ಒಂದು ಪ್ರಾರ್ಥನೆ ಗೀತೆ ಮಾತ್ರ ಸಂತೆ ಮುಗಿದ ಮೈದಾನದಂತೆ ಖಾಲಿ ಖಾಲಿ.

"ಇದೇ ಸುಲಭ ಐತೆ ತಗೊಳ್ರಿ," ಎಂದಳು ವಿಜ್ಞಾನದ ಶಿಕ್ಷಕಿ ಸ್ವಾತಿ, ಇಣುಕಿ ನೋಡಿ. "ಓದೋಕೆ ಏನೂ ಇಲ್ಲ."

ಗಾಬರಿಯಲ್ಲಿದ್ದ ಬಕ್ಕೇಶನಿಗೂ ಹಾಗೇ ಅನ್ನಿಸಿತು.

ಸ್ವರ ಕಡಿಮೆಯಾದಷ್ಟೂ ಒಂದೊಂದನ್ನೂ ಉದ್ದಕ್ಕೆ ಹಿಡಿಯಬೇಕೆಂಬುದು ಮಕ್ಕಳು ಊದಿದಾಗಲೇ ಅವನಿಗೆ ನೆನಪಾದದ್ದು. ಮೊದಲ ಸಾಲು ಮುಗಿಯುವಷ್ಟರಲ್ಲಿ ಟ್ರಂಪೆಟ್‌ಗಳು ಪಂಕ್ಚರ್ ಆದ ಟ್ಯೂಬಿನಂತೆ ಸೊರಗಿದವು. ಕ್ಲಾರಿನೆಟ್ ಹಿಡಿದ ಪೂಜಾ ಮುಖ ಕೆಂಪು ಮಾಡಿಕೊಂಡು, "ಸರ್, ಉಸಿರು ಯಾವಾಗ ತಗೋಬೇಕು?" ಎಂದಳು.

"ಹಾಡು ಮುಗಿದ ಮೇಲೆ," ಎಂದಳು ಸ್ವಾತಿ.

ಬಕ್ಕೇಶ್ ಹರಿಹರದ ಬಸ್ ಹತ್ತಿದ. ಮದುವೆ ಬ್ಯಾಂಡಿನ ಮುದಸ್ಸಿರ್ ಮೆರವಣಿಗೆ ಮುಗಿಸಿ, ಕಲ್ಯಾಣ ಮಂಟಪದ ಹಿಂದೆ ತನ್ನ ದೊಡ್ಡ ಹಿತ್ತಾಳೆ ವಾದ್ಯವನ್ನು ಒರೆಸುತ್ತಿದ್ದ. ಸಂಜೆ ಮಕ್ಕಳ ಹಿಂದೆ ಪರದೆಯ ಮರೆಯಲ್ಲಿ ನಿಂತು ಆ ಹಾಡು ನುಡಿಸಿಕೊಡಲು ಬಕ್ಕೇಶ್ ಕೇಳಿಕೊಂಡ.

"ಉದ್ದ ಹಿಡಿಯೋದಾ? ಮದುಮಗ ಕುದುರೆ ಇಳಿಯೋ ತನಕ ಹಿಡಿದೀವಿ. ಆದ್ರೆ ಪರದೆ ಹಿಂದೆ ಯಾಕ್ರಿ? ನಾವೇನು ಕಳ್ಳರಾ?"

"ಮಕ್ಕಳ ಮರ್ಯಾದೆ ಪ್ರಶ್ನೆ, ಭಾಯ್."

"ಮಕ್ಕಳದೋ, ನಿಮ್ಮದೋ?"

ಬಕ್ಕೇಶ್ ವಾದ್ಯದ ಪೆಟ್ಟಿಗೆ ಎತ್ತಿಕೊಂಡ.

ಸಂಜೆ ಮುದಸ್ಸಿರ್ ಮತ್ತವನ ಇಬ್ಬರು ಜೊತೆಗಾರರು ಮದುವೆಯ ಕೆಂಪು ಕೋಟಿನಲ್ಲೇ ಪರದೆ ಹಿಂದೆ ನಿಂತರು. ಮುಂದೆ ಮಕ್ಕಳು ಬೇಕೆಂದಾಗಲೆಲ್ಲ ಉಸಿರಾಡಿದರು. ನಾದ ಮಾತ್ರ ಎಲ್ಲೂ ತುಂಡಾಗಲಿಲ್ಲ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಹಾಡು ಮುಗಿದಾಗ ವಾಮದೇವಪ್ಪ ಕಣ್ಣೊರೆಸಿಕೊಂಡು ವೇದಿಕೆ ಹತ್ತಿ ಮೈಕ್ ಹಿಡಿದರು.

"ಬಕ್ಕೇಶ್, ಬರ್ರಿ ಇಲ್ಲಿ."

ತಮ್ಮ ಹೆಗಲ ಶಾಲನ್ನೇ ತೆಗೆದು ಹೊದಿಸಿದರು. ಬಕ್ಕೇಶ್ ಶಾಲು ಸರಿಮಾಡಿಕೊಂಡು, ಕಾಯಂ ಮಾಡುವ ಮಾತಿಗೆ ಕಾದು ನಿಂತ.

"ಈ ಮಕ್ಕಳಿಗೆ ಪೀಪಿ ಊದೋಕೂ ಬರ್ತಿರಲಿಲ್ಲ. ಇವತ್ತು ದೊಡ್ಡೋರಂಗೆ ನುಡಿಸಿದ್ರು. ಇನ್ನ ಕಲಿಸೋದು ಏನು ಉಳೀತು ಹೇಳ್ರಿ? ಮೇಷ್ಟ್ರು ಹಿಡಿದ ಕೆಲಸ ಪೂರ್ತಿ ಮಾಡ್ಯಾರ. ಈ ತಿಂಗಳ ಕೊನೆಗೆ ಇವರನ್ನ ಗೌರವದಿಂದ ಬಿಟ್ಟುಕೊಡೋಣ. ಬೇರೆ ಶಾಲೆ ಮಕ್ಕಳೂ ಉದ್ಧಾರ ಆಗ್ಲಿ."

ಜೋರು ಚಪ್ಪಾಳೆ ಬಿತ್ತು. ಕಸ್ತೂರಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಬಕ್ಕೇಶ್ ಬಾಯಿ ತೆರೆದ. ಹೇಳಿದರೆ ಮೋಸಗಾರ, ಹೇಳದಿದ್ದರೆ ನಿರುದ್ಯೋಗಿ. ಬಾಯಿ ಮುಚ್ಚಿ ಕೈಮುಗಿದ.

ಬೆನ್ನ ಹಿಂದಿನ ಪರದೆಯ ಸಂದಿಯಿಂದ ಮುದಸ್ಸಿರನ ಪಿಸುದನಿ ಬಂತು: "ಸರ್, ಚಲೋ ಬಂತಾ?"

"ಬೇಕಾದ್ದಕ್ಕಿಂತ ಜಾಸ್ತಿ," ಎಂದ ಬಕ್ಕೇಶ್.