ಎಣ್ಣೆ ಮೂಸುವ ಮಾವ

ನಮ್ಮ ವಂಶದಲ್ಲಿ ನಶ್ಯ ಮೂಸುವವರು ಆಗಿಹೋಗಿದ್ದಾರೆ, ಅತ್ತರು ಮೂಸುವವರು ಇದ್ದರು, ಸಾರನ್ನು ಮೂಸಿ ನೋಡಿ ಊಟದ ಎಲೆ ಬಿಟ್ಟೆದ್ದ ಅಳಿಯನೂ ಒಬ್ಬನಿದ್ದಾನೆ. ಆದರೆ ಬೆಳಗಿನ ಚಹಾಕ್ಕೆ ಮೊದಲು ಮೋಟಾರಿನ ಗೇರ್ ಎಣ್ಣೆಯನ್ನು ಮೂಸುತ್ತಿದ್ದವನು ನನ್ನ ಸೋದರಮಾವ ಮಾತ್ರ. ಇಡೀ ಜಿಲ್ಲೆಯಲ್ಲೇ ಅವನೊಬ್ಬನಿರಬೇಕು. ಇನ್ನೊಬ್ಬನಿದ್ದಿದ್ದರೆ ಇಬ್ಬರೂ ಸೇರಿ ಇಷ್ಟರಲ್ಲಿ ಸಂಘ ಕಟ್ಟಿ, ವಾರ್ಷಿಕ ಸಭೆಗೆ ನಮ್ಮನ್ನೆಲ್ಲ ಕರೆಯುತ್ತಿದ್ದರು.

ಇದು ಎಪ್ಪತ್ತರ ದಶಕದ ಮಾತು. ಮಾವನಿಗೆ ವಿಜಾಪುರದ ಗಾಂಧಿ ಚೌಕದಲ್ಲಿ ಬಟ್ಟೆ ಅಂಗಡಿ, ಅಥಣಿ ರಸ್ತೆಯಲ್ಲಿ ಮನೆ. ಮನೆಯಲ್ಲಿ ಮಾವ, ಅತ್ತೆ, ಮತ್ತು ಪದವಿ ಮುಗಿಸಿ ನೌಕರಿ ಹುಡುಕುವುದನ್ನೇ ನೌಕರಿ ಮಾಡಿಕೊಂಡಿದ್ದ ನಾನು. ಸಾಂಗಲಿಗೆ ಬಸ್ಸಿನಲ್ಲಿ ಹೋದ ಮಾವ ಮೋಟಾರಿನಲ್ಲಿ ತಿರುಗಿ ಬಂದ. ಅಲ್ಲಿಯ ಸಾವುಕಾರರೊಬ್ಬರು ಸಾಕಿ ಸಾಕಾಗಿ ಮಾರಿದ ಅಮೆರಿಕದ ಹಳೆಯ ಮೋಟಾರು. ಅದರ ಮೂತಿ ನಮ್ಮ ಅಂಗಳ ಸೇರಿ ಎಷ್ಟೋ ಹೊತ್ತಾದ ಮೇಲೆ ಬಾಲ ಬಂದಿತು.

ನೋಡಲು ಬಂದ ಗ್ಯಾರೇಜಿನ ಉಸ್ತಾದ ಒಳಗೆ ಬಗ್ಗಿದವನು ಗಾಬರಿಯಾದ.

"ಸಾವಕಾರ್ರ, ಒಂದು ಪೆಡಲ್ ದಾರ್‍ಯಾಗ ಬಿದ್ದೈತಿ."

"ಬಿದ್ದಿಲ್ಲೋ ಮಾರಾಯಾ. ಇದಕ್ಕ ಕ್ಲಚ್ ಇಲ್ಲ. ಗೇರ್ ತಾನ ಬದಲಿ ಆಗತಾವು."

"ತಾನ ಅಂದ್ರ? ಬದಲಿ ಮಾಡಾವ್ರು ಯಾರು?"

"ಎಣ್ಣಿ."

ಉಸ್ತಾದ ಮಾವನ ಮುಖ ನೋಡಿದ. ನನ್ನ ಮುಖ ನೋಡಿದ. ಮನೆಯಲ್ಲಿ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಬಾಗಿಲ ಕಡೆ ನೋಡಿದ.

ಅಂದಿನಿಂದ ಆ ಎಣ್ಣೆಯ ಸೇವೆ ಶುರುವಾಯಿತು. ಅದರ ವಿಧಿ ಸಾಮಾನ್ಯವಾದುದಲ್ಲ. ಮೊದಲು ಮೋಟಾರು ನಾಲ್ಕು ಸುತ್ತು ಓಡಿ ಮೈ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ಸಮತಟ್ಟಾದ ನೆಲದ ಮೇಲೆ ನಿಲ್ಲಬೇಕು. ಇಂಜಿನ್ ನಿಲ್ಲಿಸಕೂಡದು. ಬ್ರೇಕು ತುಳಿದುಕೊಂಡು ಗೇರಿನ ಹಿಡಿಯನ್ನು ಎಲ್ಲ ಮನೆಗಳಲ್ಲೂ ಒಮ್ಮೆ ಆಡಿಸಿ ತರಬೇಕು. ಆಗ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಅದ್ದಿ, ಮತ್ತೆ ಎಳೆದು ನೋಡಬೇಕು. ಎಣ್ಣೆ ದಾಸವಾಳದಂತೆ ಕೆಂಪಗಿದ್ದರೆ ಕ್ಷೇಮ. ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಹೊಡೆದರೆ ಒಳಗೆಲ್ಲೋ ಸುಡುತ್ತಿದೆ ಎಂದರ್ಥ. ಮೂಸುವುದು ಇದಕ್ಕಾಗಿ. ಮೂಸುವಾಗ ಮಾವ ಕಣ್ಣು ಮುಚ್ಚುತ್ತಿದ್ದುದು ಯಾಕೆಂದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.

ಸಮತಟ್ಟಾದ ನೆಲ ಹುಡುಕುವುದೇ ಒಂದು ಅಧ್ಯಾಯ. ಮಾವ ಕಂಠದವರೆಗೆ ನೀರು ತುಂಬಿದ ತಂಬಿಗೆ ಹಿಡಿದುಕೊಂಡು ಅಥಣಿ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದ. ಅಲ್ಲಲ್ಲಿ ಅದನ್ನಿಟ್ಟು, ನೆಲಕ್ಕೆ ಗಲ್ಲ ತಾಗಿಸಿ, ನೀರು ಯಾವ ಕಡೆ ವಾಲುತ್ತದೆಂದು ನೋಡುತ್ತಿದ್ದ. ಕೊನೆಗೆ ನಮ್ಮ ಮನೆಯಿಂದ ಕಾಣುವ ಒಂದು ಬೇವಿನ ಮರದ ಹತ್ತಿರ ನೀರು ಯಾವ ಕಡೆಗೂ ವಾಲಲಿಲ್ಲ. ಮಾವ ಮೋಟಾರು ತರಲು ಮನೆಗೆ ಬಂದು ಹೋಗುವಷ್ಟರಲ್ಲಿ ಯಾರೋ ತಂಬಿಗೆಗೆ ಕುಂಕುಮ ಹಚ್ಚಿ, ಎರಡು ಕಣಗಿಲೆ ಹೂ ಇಟ್ಟು ಹೋಗಿದ್ದರು. ಮಾವ ಅದನ್ನು ಅಳಿಸಲಿಲ್ಲ. "ಇರ್‍ಲಿ ಬಿಡು, ಜಾಗಾ ಪಕ್ಕಾ ಆತು" ಎಂದ.

ಕಡ್ಡಿ ಒರೆಸುವ ಬಟ್ಟೆಯಿಂದ ಒಂದು ಎಳೆಯೂ ಬಿಡಬಾರದು, ಎಳೆ ಒಳಗೆ ಹೋದರೆ ಎಣ್ಣೆಯ ದಾರಿ ಕಟ್ಟುತ್ತದೆ. ಹಾಗಾಗಿ ಅಂಗಡಿಯ ಮೇಲ್ತರದ ಮಲಮಲ್ ಬಟ್ಟೆಯ ಸುರುಳಿ ಕಡ್ಡಿಯ ಸೇವೆಗೆ ಮೀಸಲಾಯಿತು. ಗಿರಾಕಿಗಳು ಕೇಳಿದರೆ "ಖಾಲಿ ಆಗೇದ್ರಿ" ಎನ್ನುತ್ತಿದ್ದ. ಬೆಳಗ್ಗೆ ಅದೇ ಗಿರಾಕಿಗಳು ನಮ್ಮ ಮನೆಯ ಮುಂದೆ ಹಾದುಹೋಗುವಾಗ ಮಲಮಲ್ಲು ಏನಾಯಿತೆಂದು ಕಣ್ಣಾರೆ ಕಾಣುತ್ತಿದ್ದರು.

ಪಕ್ಕದ ಮನೆಯ ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಬಟ್ಟಲು ಹಿಡಿದುಕೊಂಡು ಬಂದು ಮೊಣಕಾಲಿಗೆ ಹಚ್ಚಲು ಆ ಎಣ್ಣೆ ಬೇಕೆಂದಳು.

"ಅಜ್ಜಿ, ಅದು ಗಾಡಿ ಎಣ್ಣಿ ಬೇ."

"ಗೊತ್ತೈತಿ. ಕಬ್ಬಿಣದ ಕೀಲ ಸಲೀಸ ತಿರಗತಾವಂತ, ನನ್ನ ಕೀಲ ಯಾಕ ತಿರಗಬಾರದು?"

ಮಾವ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದ. ಎಣ್ಣೆಯನ್ನಂತೂ ಕೊಡಲಿಲ್ಲ.

ಅತ್ತೆ ಇದನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. "ನನಗ ಜ್ವರ ಬಂದಾಗ ಹಣಿ ಮುಟ್ಟಿ ನೋಡಿದ್ದ ನೆನಪಿಲ್ಲ. ಆ ಕಡ್ಡಿ ಮಾತ್ರ ದಿನಾ ನೋಡ್ತೀರಿ."

"ನಿನಗ ಮೈ ಬಿಸಿ ಆದ್ರ ನೀ ಬಾಯಿಲೆ ಹೇಳ್ತಿ. ಅದಕ್ಕ ಬಾಯಿ ಇಲ್ಲ."

ಅತ್ತೆಗೆ ಬಾಯಿ ಇತ್ತು. ಅವಳು ಕಲಿಸುತ್ತಿದ್ದ ಟಿಕೋಟಾದ ಪ್ರಾಥಮಿಕ ಶಾಲೆಯ ಮಕ್ಕಳು ಅದಕ್ಕೆ ಅಂಜುತ್ತಿದ್ದರು. ಅವಳ ಎಡಗಾಲು ಮಾತ್ರ ಚಿಕ್ಕಂದಿನ ಯಾವುದೋ ಜ್ವರದಲ್ಲಿ ಸೊರಗಿಹೋಗಿತ್ತು, ಕೈಯಲ್ಲಿ ಸದಾ ಒಂದು ಊರುಗೋಲು. ಟಿಕೋಟಾದ ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತಿತ್ತು. ಹಳೆಯ ಪರಿಚಯದ ಕಂಡಕ್ಟರು ಅವಳು ಹತ್ತುವವರೆಗೆ ಸೀಟಿ ಊದುತ್ತಿರಲಿಲ್ಲ. ಮಾವ ತನ್ನ ಮೋಟಾರಿನಲ್ಲಿ ಬಿಟ್ಟು ಬರುತ್ತೇನೆಂದರೆ ಅತ್ತೆ ಒಪ್ಪಳು. "ದಿನಾ ಅಂಗಡಿ ಬಾಗಲಾ ಮುಚ್ಚಿ ನನ್ನ ಹೊತ್ತು ತಿರಗಬ್ಯಾಡ್ರಿ" ಎನ್ನುತ್ತಿದ್ದಳು.

ಹೀಗಿರುವಾಗ ಅತ್ತೆಗೆ ಬಬಲೇಶ್ವರಕ್ಕೆ ವರ್ಗವಾಯಿತು. ಅಲ್ಲಿಗೆ ಹೋಗಬೇಕೆಂದರೆ ಮೊದಲು ಪೇಟೆಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮೂಟೆ, ಕೋಳಿ, ಮೊಣಕೈಗಳ ನಡುವೆ ನುಗ್ಗಿ ಇನ್ನೊಂದು ಬಸ್ಸು ಹತ್ತಬೇಕು. ಒಮ್ಮೆ ಹೋಗಿ ನೋಡಿದಳು. ಮೆಟ್ಟಿಲ ಮೇಲೆ ಬಿದ್ದು, ಮಂಡಿ ತರಚಿಕೊಂಡು ತಿರುಗಿ ಬಂದಳು. ಅಂದು ಸಂಜೆ ಊಟಕ್ಕೆ ಬಡಿಸುತ್ತ, ಉಪ್ಪು ಬೇಕೇ ಎಂದು ಕೇಳಿದಷ್ಟೇ ಸಣ್ಣ ದನಿಯಲ್ಲಿ ಹೇಳಿದಳು:

"ನಾ ಸಾಲಿ ಬಿಡ್ತೀನ್ರಿ."

ಮಾವ ಕೈ ತೊಳೆದು ಎದ್ದ. ಏನಾದರೂ ಸಮಾಧಾನ ಹೇಳುತ್ತಾನೆಂದು ನಾನು ಕಾದೆ. ಅವನು ನೆಟ್ಟಗೆ ಅಂಗಳಕ್ಕೆ ಹೋಗಿ ಇಂಜಿನ್ ಚಾಲೂ ಮಾಡಿ, ಮೋಟಾರನ್ನು ಬೇವಿನ ಮರದ ಹತ್ತಿರ ಒಯ್ದು, ಕಡ್ಡಿ ಎಳೆದು ಮೂಸಿದ. ನನಗೆ ಮೈಯೆಲ್ಲ ಉರಿಯಿತು. ಹೆಂಡತಿಯ ಮುಖ ನೋಡದವನಿಗೆ ಆ ಕಡ್ಡಿಯಲ್ಲಿ ಏನು ಕಾಣುತ್ತಿತ್ತು?

ಮರುದಿನ ವಿಘ್ನವೊಂದು ಒದಗಿತು. ಬ್ರೇಕು ನೋಡಲು ಬಂದಿದ್ದ ಉಸ್ತಾದ, ಮಾವ ಇಲ್ಲದ ಹೊತ್ತಿನಲ್ಲಿ, ಉಪಕಾರವಾಗಲೆಂದು ಎಣ್ಣೆಯನ್ನೂ ನೋಡಿದ. ಎಲ್ಲ ಮೋಟಾರುಗಳಂತೆ ಇಂಜಿನ್ ನಿಲ್ಲಿಸಿ ನೋಡಿದ. ಎಣ್ಣೆ ಗೆರೆ ಮೀರಿತ್ತು. ಹೆಚ್ಚಾದುದನ್ನು ತೆಗೆದ. ಸಂಜೆ ಮಾವ ಟಿಕೋಟಾ ದಾರಿಯ ಏರಿಗೆ ಮೋಟಾರು ಬಿಟ್ಟರೆ ಇಂಜಿನ್ ಅಬ್ಬರಿಸಿತು, ಗಾಲಿ ಮಾತ್ರ ಕದಲಲಿಲ್ಲ.

"ಇಂಜಿನ್ ಬಂದ್ ಮಾಡೇ ಅಲ್ರಿ ಎಣ್ಣಿ ನೋಡೂದು?" ಎಂದ, ಕರೆ ಕಳಿಸಿದಾಗ ಓಡಿ ಬಂದ ಉಸ್ತಾದ.

"ಅದು ಇಂಜಿನ್ ಎಣ್ಣಿಗೆ. ಇದು ಚಾಲೂ ಇದ್ದಾಗ ಒಳಗ ಎಲ್ಲಾ ಕಡೆ ದುಡ್ಯಾಕತ್ತಿರತೈತಿ. ಬಂದ್ ಮಾಡಿದ್ರ ಅಷ್ಟೂ ತಳಕ್ಕ ಇಳೀತೈತಿ, ಹೆಚ್ಚ ಕಾಣತೈತಿ."

"ಅಂದ್ರ ಹೊಲಕ್ಕ ಹೋದ ಮಂದಿ ಸಂಜಿಗೆ ಮನಿಗೆ ಬಂದಂಗ ಅನ್ರಿ."

"ಹಾಂ. ನೀ ಮನಿ ತುಂಬೇತಂತ ನಾಕ ಮಂದೀನ ಹೊರಗ ಹಾಕಿದಿ."

ತೆಗೆದ ಎಣ್ಣೆ ಎಲ್ಲಿ? ಉಸ್ತಾದ ದೊಡ್ಡ ಮನಸ್ಸಿನಿಂದ ಅಜ್ಜಿಯ ಬಟ್ಟಲಿಗೆ ಸುರಿದಿದ್ದ. ಮೋಟಾರು ಏರಿನಲ್ಲಿ ನಿಂತಿತ್ತು. ಅಜ್ಜಿ ಓಣಿಯ ತುಂಬ ಓಡಾಡುತ್ತಿದ್ದಳು.

ಆ ಎಣ್ಣೆ ವಿಜಾಪುರದಲ್ಲಿ ಸಿಗುವಂಥದಲ್ಲ. ಅತ್ತೆ ರಾಜೀನಾಮೆ ಬರೆಯಲು ಕುಳಿತಾಗ ಮಾವ ಬಗಲಿಗೆ ಚೀಲ ಹಾಕಿಕೊಂಡು ಎದುರಿಗೆ ನಿಂತ.

"ಮುಂಬೈಗೆ ಹೊಂಟೇನಿ. ಎಣ್ಣಿ ತರಾಕ. ನಾ ಬರೂತನಕ ಅದನ್ನ ಕೊಡಬ್ಯಾಡ."

"ಎಣ್ಣಿಗೂ ನನ್ನ ಸಾಲಿಗೂ ಏನ್ರಿ ಸಂಬಂಧ?"

"ಬಂದು ಹೇಳ್ತೀನಿ."

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಯಲ್ಲಿ ತಿರುಗಿ ಬಂದ. ಏರಿನಿಂದ ಎತ್ತು ಹೂಡಿ ಅಂಗಳಕ್ಕೆ ಎಳೆಸಿದ್ದ ಮೋಟಾರಿಗೆ ಎಣ್ಣೆ ತುಂಬಿದ, ಅಳೆದ, ಮೂಸಿದ. ನಂತರ ಡ್ರೈವರ್ ಕಡೆಯ ಬಾಗಿಲು ತೆರೆದು ಅತ್ತೆಯನ್ನು ಕರೆದ.

"ಹತ್ತು. ಇದರಾಗ ಎಡಗಾಲಿಗೆ ಏನೂ ಕೆಲಸ ಇಲ್ಲ. ನೋಡೇ ತಂದೇನಿ."

ಅತ್ತೆ ಬಾಗಿಲು ಹಿಡಿದುಕೊಂಡು ನಿಂತೇ ಇದ್ದಳು. ಆಮೇಲೆ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಒಳಗೆ ಕುಳಿತು, ಸ್ಟೀರಿಂಗ್ ಹಿಡಿದು ನೋಡಿದಳು.

ನಾನು ಮಾವನನ್ನು ಕೇಳಿದೆ. "ಮಾಮಾ, ತಂದಾಗ ಯಾಕ ಹೇಳಲಿಲ್ಲ?"

"ಹಳೀ ಗಾಡಿ ಲೇ. ಗೇರ್ ಜಾರಿ ನಡುದಾರ್‍ಯಾಗ ನಿಂತ್ರ ನಾನಾದ್ರ ಇಳದು ನೂಕತೇನಿ. ಅಕಿ ಹ್ಯಾಂಗ ನೂಕಬೇಕು? ಅದರ ಮ್ಯಾಲ ನನಗ ಭರವಸಾ ಬರಬೇಕಿತ್ತು."

ಅತ್ತೆ ಶಾಲೆಗೆ ರಜೆ ಬರೆದು ಕಲಿತಳು. ಕಲಿಯುವಾಗ ನಮ್ಮ ಕಂಪೌಂಡಿನ ಗೋಡೆ ಸ್ವಲ್ಪ ಹಿಂದೆ ಸರಿದದ್ದು ಬಿಟ್ಟರೆ ಯಾರಿಗೂ ತೊಂದರೆಯಾಗಲಿಲ್ಲ. ಲೈಸೆನ್ಸಿನ ಸಾಹೇಬರು ಪಕ್ಕದಲ್ಲಿ ಕುಳಿತು, ಇಲ್ಲದ ಕ್ಲಚ್ಚನ್ನು ಪರೀಕ್ಷೆಯುದ್ದಕ್ಕೂ ತಾವೇ ತುಳಿದು ಅವಳನ್ನು ಪಾಸು ಮಾಡಿದರು.

ಬಬಲೇಶ್ವರದ ಶಾಲೆಗೆ ಮೊದಲ ದಿನ ಮಾವ ಅವಳ ಪಕ್ಕದಲ್ಲಿ, ನಾನು ಹಿಂದೆ. ಸಂಜೆ ಹೊರಡುವಾಗ ಮಾವ ಮೋಟಾರು ಹತ್ತಲಿಲ್ಲ. "ನಾ ಮಗ್ಗಲಕ್ಕ ಕೂತ್ರ ನೀ ದಾರಿ ನೋಡೂದಿಲ್ಲ, ನನ್ನ ಮಾರಿ ನೋಡ್ತಿ. ಒಬ್ಬಾಕೀನ ನಡಿ. ನಾವು ಬಸ್ಸಿಗೆ ಬರ್ತೀವಿ."

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಮಾವ ಡ್ರೈವರಿನ ಹಿಂದಿನ ಕಂಬಿ ಹಿಡಿದು ನಿಂತ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಆ ಉದ್ದನೆಯ ಮೋಟಾರು ಕಂಡಿತು. ದಾರಿ ಇಕ್ಕಟ್ಟು. ಅದು ನಡುವಿನಲ್ಲಿ, ಅವಸರವಿಲ್ಲದೆ ಹೋಗುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದ, ಮತ್ತೆ ಹೊಡೆದ. ಕೊನೆಗೆ ಬೈದ.

"ಯಾವ ಮುದುಕ ಹೊಡ್ಯಾಕತ್ತಾನೋ, ಸರಿಯೂದ ಇಲ್ಲಲ್ಲ."

ಮಾವ ಬಗ್ಗಿ ಅವನ ಕಿವಿಯ ಹತ್ತಿರ ಹೇಳಿದ:

"ಮುದುಕ ಇಲ್ಲೇ ನಿಂತಾನೋ ತಮ್ಮಾ. ಅಲ್ಲಿ ಹೊಡ್ಯಾಕತ್ತಾಕಿ ನನ್ನ ಹೇಣ್ತಿ."

ಡ್ರೈವರ್ ತಿರುಗಿ ಮಾವನ ಮುಖವನ್ನು ಒಂದು ಕ್ಷಣ ನೋಡಿದ. ಹಾರ್ನಿನ ಮೇಲಿಂದ ಕೈ ತೆಗೆದ. ಆಮೇಲೆ ವಿಜಾಪುರದವರೆಗೂ ಆ ತುಂಬಿದ ಬಸ್ಸು, ಮದುವೆಯ ದಿಬ್ಬಣದಂತೆ, ಅತ್ತೆಯ ಹಿಂದೆ ನಿಧಾನವಾಗಿ ಬಂದಿತು.